ಮುಕ್ತಾಯದ ಪ್ರಾರ್ಥನೆ ಮಾಡುವ ಹುಡುಗ: ಕೋಲಾರದ ಒಂದು ವಿದ್ಯಾರ್ಥಿ ಕೂಟದ ಪ್ರಕರಣ

2024ರ ಏಪ್ರಿಲ್ 20, ಶನಿವಾರ ಸಂಜೆ. ಕೋಲಾರದ ಒಂದು ಚರ್ಚಿನ ಸಂಡೇ ಸ್ಕೂಲ್ ಕೋಣೆಯಲ್ಲಿ ಶನಿವಾರದ ಪ್ರಾರ್ಥನಾ ಕೂಟಕ್ಕೆ ಹದಿಮೂರು ಕಾಲೇಜು ಮಕ್ಕಳು ಕೂತಿದ್ದರು. ಕೂಟ ನಡೆಸುವ ಹುಡುಗ ಬಂದಿರಲಿಲ್ಲ. ಈಸ್ಟರ್ ಆದಮೇಲೆ ಅದು ಮೂರನೇ ಶನಿವಾರ. ಫೋನ್ ಮಾಡಿದರೆ ಸ್ವಿಚ್ಡ್ ಆಫ್. ಲೋಕಸಭೆ ಚುನಾವಣೆಗೆ ಇನ್ನು ಆರೇ ದಿನ, ಯಾವುದೋ ಪಕ್ಷದ ಪಾಂಪ್ಲೆಟ್ ಹಂಚೋಕೆ ಹೋಗಿರ್ತಾನೆ ಅಂತ ಒಬ್ಬ ನಕ್ಕ.

"ಕೆಜಿಎಫ್‌ನಲ್ಲಿ ಅವನ ಮನೆ ಎಲ್ಲಪ್ಪಾ?" ಅಂತ ಕೇಳಿದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾತ್ರಿ ಹನ್ನೊಂದಕ್ಕೆ ಅವನಿಗೆ ಫೋನ್ ಮಾಡಿ ಅತ್ತವರು ಆ ಹದಿಮೂರರಲ್ಲೇ ಏಳೆಂಟು ಜನ ಇದ್ದರು. ಅವನ ಮನೆ ಚಾಂಪಿಯನ್ ರೀಫ್ಸೋ, ಊರ್ಗಾಂವೋ, ಮಾರಿಕುಪ್ಪಮ್ಮೋ ಒಬ್ಬರಿಗೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ.

ನಾನು ಈ ಕೂಟದ ಹಿರಿಯ ಸಲಹೆಗಾರ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳಿ ನಿವೃತ್ತನಾದವನು. ಬೇರೆ ಊರುಗಳಲ್ಲಿ ಇಂಥ ಕೂಟ ನೋಡಿಕೊಳ್ಳುವ ಗೆಳೆಯರು "ನಿಮ್ಮಲ್ಲಿ ಏನಾಯ್ತು, ಪೂರ್ತಿ ಬರೆದುಕೊಡಿ" ಅಂದಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಹುಡುಗ ಓದಿದ್ದಾನೆ, ಒಪ್ಪಿದ್ದಾನೆ. ಎರಡು ಸಾಲು ತೆಗೆಸಿದ, ತೆಗೆದೆ. ಗುರುತು ಹತ್ತುವ ವಿವರ ಬೇಕೆಂದೇ ಬಿಟ್ಟಿದ್ದೇನೆ.

ಕೂಟ

ಕೊರೊನಾ ಮುಗಿದು ಕಾಲೇಜು ತೆರೆದ ಮೇಲೆ, 2021ರ ಕೊನೆಯಲ್ಲಿ ಆರೇಳು ಮಕ್ಕಳಿಂದ ಶುರುವಾದದ್ದು. 2024ರ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ 23 ಹೆಸರು. ಮನೆಯಲ್ಲಿ ತಮಿಳು ಮಾತಾಡುವವರು ಒಂಬತ್ತು, ತೆಲುಗಿನವರು ಏಳು, ಕನ್ನಡದವರು ನಾಲ್ಕು, ನರ್ಸಿಂಗ್ ಓದಲು ಬಂದ ಮಲಯಾಳಿಗಳು ಮೂರು. ಕೋಲಾರ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆಯವರ ತೆಲುಗು, ಕೆಜಿಎಫ್‌ನ ತಮಿಳು, ಮಾಲೂರಿನ ಕನ್ನಡ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ಜಿಲ್ಲೆ ಇದು. ನಮ್ಮ ಹಾಡಿನ ಪುಸ್ತಕ ಒಂದು ಇನ್ನೂರು ಪುಟದ ನೋಟ್‌ಬುಕ್. ತಮಿಳು ಹಾಡು, ತೆಲುಗು ಹಾಡು ಎಲ್ಲ ಕನ್ನಡ ಅಕ್ಷರದಲ್ಲೇ. ತಮಿಳಿನ 'ೞ' ಬಂದ ಕಡೆಯೆಲ್ಲ ಹುಡುಗ ಕೆಂಪು ಇಂಕಿನಲ್ಲಿ 'ಳ' ಬರೆದು ಕೆಳಗೊಂದು ಚುಕ್ಕಿ ಇಟ್ಟಿದ್ದ, ನಾಲಿಗೆ ಮಡಿಸಿ ಅಂತ ಗುರುತು.

ಸಭೆಗಳೂ, ಅಂದರೆ ಚರ್ಚಿನ ಪಂಗಡಗಳೂ, ಹಾಗೇ ಬೆರಕೆ. ಸಿಎಸ್‌ಐ, ಮೆಥೋಡಿಸ್ಟ್, ಕಥೋಲಿಕ, ಪೆಂತೆಕೋಸ್ತ್. ಕೋಲಾರದಲ್ಲಿ ಇಟಿಸಿಎಂ ಆಸ್ಪತ್ರೆ ನಡೆಸಿಕೊಂಡು ಬಂದ ಮೆಥೋಡಿಸ್ಟ್ ಮಿಷನ್ ಹಳೆಯದು, ಕೆಜಿಎಫ್‌ನ ಚರ್ಚುಗಳು ಗಣಿಯ ಜೊತೆ ಬೆಳೆದವು. ಇವೆರಡರ ಮಕ್ಕಳೂ ನಮ್ಮಲ್ಲಿದ್ದರು.

ವಿದ್ಯಾರ್ಥಿಗಳೇ ನಡೆಸುವ ಕ್ರೈಸ್ತ ಕೂಟ ನಮ್ಮ ದೇಶಕ್ಕೆ ಹೊಸದಲ್ಲ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಿಂದ ಇದೆ (ಎಸ್‌ಸಿಎಂ ಅಂತಲೂ ಕರೆಯುತ್ತಾರೆ), ಅದರ ಕಚೇರಿ ಇಲ್ಲೇ ಬೆಂಗಳೂರಿನಲ್ಲಿ. ಕಥೋಲಿಕರ ಐಕಫ್ 1924ರದ್ದು, ಇವ್ಯಾಂಜೆಲಿಕಲ್ ವಿದ್ಯಾರ್ಥಿಗಳ ಯುಇಎಸ್‌ಐ 1954ರದ್ದು. ಮೂರರದ್ದೂ ದಾರಿ ಬೇರೆಬೇರೆ. ಆದರೆ ಮೂರರಲ್ಲೂ ವಿದ್ಯಾರ್ಥಿ ಒಬ್ಬಂಟಿಯಾಗಬಾರದು ಅಂತ ಹೊರಗಿನಿಂದ ಬಂದು ಹೋಗುವವರು, ಶಿಬಿರ, ಪದವಿ ಮುಗಿಸಿದ ಹಿರಿಯರು ಅಂತ ಏನಾದರೊಂದು ಇರುತ್ತದೆ. ನಮ್ಮ ಕೂಟ ಯಾವುದಕ್ಕೂ ಸೇರಿರಲಿಲ್ಲ. "ನಾವು ಎಲ್ಲರಿಗೂ ಸೇರಿದವರು" ಅಂತ ನಾನೇ ಹೆಮ್ಮೆಯಿಂದ ಹೇಳುತ್ತಿದ್ದೆ. ಎಲ್ಲರಿಗೂ ಸೇರಿದ ಹಸು ಹಾಲು ಕೊಟ್ಟಾಗ ಮಾತ್ರ ಎಲ್ಲರದು.

ಜಾಗ ಬದಲಾದದ್ದು

ಮೊದಲು ಕ್ಲಾಕ್ ಟವರ್ ಹತ್ತಿರ ಅಂಗಡಿ ಮೇಲಿನ ಒಂದು ಕೋಣೆಯಲ್ಲಿ ಸೇರುತ್ತಿದ್ದೆವು. ನಾಲ್ಕೂವರೆಗೆ ಶುರು, ಆರೂವರೆಗೆ ಮುಗಿತು. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಮೇಲೆ ಮಾಲೀಕರು ಒಂದು ದಿನ ನನ್ನನ್ನು ಕರೆದು ಕಾಫಿ ಕೊಟ್ಟು, "ಮೇಷ್ಟ್ರೇ, ನಿಮ್ಮ ಮೇಲೆ ನಂಗೇನೂ ಇಲ್ಲ. ಹಾಡು ಕೇಳಿ ಅಕ್ಕಪಕ್ಕದವರು ಪ್ರಶ್ನೆ ಕೇಳ್ತಾವ್ರೆ. ನಂಗೆ ಸ್ಟೇಷನ್ ಮೆಟ್ಟಿಲು ಹತ್ತೋ ಶಕ್ತಿ ಇಲ್ಲ" ಅಂದರು. ಮರುವರ್ಷ ಜೂನ್‌ನಲ್ಲಿ ಆ ಕಾಯ್ದೆ ಹಿಂಪಡೆಯುವುದಾಗಿ ಸಚಿವ ಸಂಪುಟ ತೀರ್ಮಾನಿಸಿತು. ಅಷ್ಟರಲ್ಲಿ ಕೋಣೆ ಮೊಬೈಲ್ ರಿಪೇರಿಯವರಿಗೆ ಬಾಡಿಗೆ ಹೋಗಿತ್ತು. ಮಾಲೀಕರನ್ನು ನಾನು ದೂರುವುದಿಲ್ಲ.

ಒಂದು ಚರ್ಚಿನವರು ಸಂಡೇ ಸ್ಕೂಲ್ ಕೋಣೆ ಕೊಟ್ಟರು. ಅಲ್ಲಿ ಐದೂವರೆವರೆಗೆ ಕ್ವಾಯರ್ ಅಭ್ಯಾಸ. ಹಾಗಾಗಿ ನಮ್ಮ ಕೂಟ ಐದೂವರೆಗೆ ಶುರುವಾಗತೊಡಗಿತು. ಒಂದು ಗಂಟೆ ಹಿಂದೆ ಮುಂದೆ ಆದರೆ ಏನು ಮಹಾ ಅಂದುಕೊಂಡೆವು. ಈ ಪ್ರಕರಣದ ಬೇರು ಇರುವುದು ಆ ಒಂದು ಗಂಟೆಯಲ್ಲಿ. ಅದು ನಮಗೆ ತಿಳಿಯಲು ಹದಿನೆಂಟು ತಿಂಗಳು ಹಿಡಿಯಿತು.

ಲೈನ್ ಮನೆ

ಏಪ್ರಿಲ್ 21, ಭಾನುವಾರದ ಆರಾಧನೆ ಮುಗಿಸಿ ನಾವು ಮೂವರು ಕೆಜಿಎಫ್ ಬಸ್ ಹತ್ತಿದೆವು. ನಾನು, ನರ್ಸಿಂಗ್ ಮೂರನೇ ವರ್ಷದ ಒಬ್ಬಳು ಹುಡುಗಿ, ಅವನ ಕ್ಲಾಸ್‌ಮೇಟ್ ಒಬ್ಬ. ಬಿಸಿಲು ಹೇಗಿತ್ತೆಂದರೆ ಬಸ್ಸಿನ ಕಂಬಿ ಹಿಡಿಯೋಕೆ ಆಗುತ್ತಿರಲಿಲ್ಲ. 30 ಕಿ.ಮೀ. ದಾರಿಗೆ ಪ್ರಚಾರದ ಗಾಡಿಗಳ ಮಧ್ಯೆ ಒಂದೂಕಾಲು ಗಂಟೆ. ಒಬ್ಬ ಪಾಸ್ಟರ್ ಕೊಟ್ಟ ಅರ್ಧ ವಿಳಾಸ ಹಿಡಿದು ನಾಲ್ಕು ಕಡೆ ಕೇಳಿಕೊಂಡು ಹೋದೆವು.

ಗಣಿ ಕಾರ್ಮಿಕರಿಗೆ ಕಟ್ಟಿಕೊಟ್ಟಿದ್ದ ಲೈನ್ ಮನೆಗಳು. ಹಿಂದೆ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡ. ಗಾಳಿ ಬೀಸಿದರೆ ಬಿಳಿ ಧೂಳು ಬಂದು ಬಾಗಿಲಲ್ಲಿ ಕೂರುತ್ತದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವನಪ್ಪ ಇನ್ನೂ ಹರೆಯದವರು. ಅಂದಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸ ಮಾಡಿ ರಾತ್ರಿ ಬರುತ್ತಾರೆ. ಅವತ್ತೂ ಡ್ಯೂಟಿಗೆ ಹೋಗಿದ್ದರು. ಅಮ್ಮ "ಉಕ್ಕಾರುಂಗ ಸಾರ್" ಅಂತ ಇದ್ದ ಒಂದೇ ಕುರ್ಚಿ ನನ್ನ ಕಡೆ ತಳ್ಳಿದರು. ಒಳಗಿನಿಂದ ಅವನು ಎದ್ದು ಬಂದ. ಗಡ್ಡ ಬಿಟ್ಟಿದ್ದ. ನಮ್ಮನ್ನು ನೋಡಿ ಮೊದಲು ಕೇಳಿದ್ದು, "ಯಾರಿಗಾದ್ರೂ ಏನಾದ್ರೂ ಆಯ್ತಾ ಸರ್?"

ವಿಷಯ ಬಿಡಿಬಿಡಿಯಾಗಿ ಹೊರಗೆ ಬಂತು. ಐದನೇ ಸೆಮಿಸ್ಟರ್‌ನಲ್ಲಿ ಎರಡು ಸಬ್ಜೆಕ್ಟ್ ಹೋಗಿತ್ತು. ಮತ್ತೆ ಕಟ್ಟಲು ಅಪ್ಪ 2,000 ರೂಪಾಯಿ ಕೊಟ್ಟಿದ್ದರು. ಅದೇ ವಾರ ಕೂಟದ ಒಬ್ಬ ಹುಡುಗಿ ಫೀಸಿಗೆ ದುಡ್ಡಿಲ್ಲ ಅಂತ ರಾತ್ರಿ ಫೋನ್ ಮಾಡಿ ಅತ್ತಿದ್ದಳು. ಅದರಲ್ಲಿ 1,800 ಅವಳಿಗೆ ಕೊಟ್ಟ. ವಾಪಸ್ ಕೇಳಲು ನಾಚಿಕೆ. ಅಪ್ಪನಿಗೆ ಹೇಳಲು ಭಯ. ಫೀಸು ಕಟ್ಟುವ ದಿನ ದಾಟಿತು. ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

"ಪ್ರತಿ ಶನಿವಾರ ಎಲ್ಲರದೂ ಪ್ರಾರ್ಥನಾ ವಿಷಯ ಕೇಳ್ತೀಯಲ್ಲೋ, ನಿಂದೂ ಒಂದು ದಿನ ಹೇಳಬಾರದಿತ್ತಾ?" ಅಂದೆ. ನನ್ನ ದನಿಯಲ್ಲಿ ಆಕ್ಷೇಪ ಇತ್ತು, ಒಪ್ಪಿಕೊಳ್ಳುತ್ತೇನೆ.

ಅವನು ಯೋಚಿಸಿ ಹೇಳಿದ. "ಹೇಳೋಕೆ ಜಾಗ ಎಲ್ಲಿತ್ತು ಸರ್? ಎಲ್ಲರೂ ಅವರವರ ವಿಷಯ ಹೇಳ್ತಾರೆ, ಪಕ್ಕದಲ್ಲಿ ಕೂತವರು ಅವರಿಗೋಸ್ಕರ ಪ್ರಾರ್ಥನೆ ಮಾಡ್ತಾರೆ. ಸುತ್ತು ನನ್ನ ಹತ್ರ ಬರೋ ಹೊತ್ತಿಗೆ ಮುಕ್ತಾಯದ ಪ್ರಾರ್ಥನೆ. ಅದು ನಾನೇ ಮಾಡಬೇಕು."

ಅಷ್ಟೊತ್ತು ಸುಮ್ಮನಿದ್ದ ನರ್ಸಿಂಗ್ ಹುಡುಗಿ ಅಲ್ಲಿ ಮಾತು ಹಿಡಿದಳು. ಸುತ್ತುಬಳಸು ಏನಿಲ್ಲದೆ, "ಅಣ್ಣಾ, ಸತ್ತುಹೋಗಣ ಅನ್ನಿಸಿತ್ತಾ?" ಅಂತ ಕೇಳಿದಳು. ನನಗೆ ಎದೆ ಝಲ್ಲೆಂದಿತು. ಅಂಥ ಮಾತು ಆಡಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತೆ ಅನ್ನುವ ಕಾಲದವನು ನಾನು. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಕೇಳಿಸಿಕೊಂಡವರಿಗೆ ಹಗುರಾಗುತ್ತದೆ ಅಂತ ಅವರ ಪಾಠದಲ್ಲೇ ಇದೆಯಂತೆ. ಅವನು ನೆಲ ನೋಡುತ್ತಾ, "ಎರಡು ಸಲ" ಅಂದ. ಅವಳು ಅವನ ಫೋನಿನಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಡಯಲ್ ಮಾಡಿ, ತಮಿಳು ಬಲ್ಲವರನ್ನು ಕೇಳಿ ಕೊಟ್ಟಳು. ಅವನು ಹಿತ್ತಿಲಿಗೆ ಹೋಗಿ ಅರ್ಧ ಗಂಟೆ ಮಾತಾಡಿದ. ಅಷ್ಟರಲ್ಲಿ ಅಮ್ಮ ಸ್ಟೀಲ್ ಲೋಟದಲ್ಲಿ ಟೀ ತಂದಿಟ್ಟರು. ಯಾರೂ ಕುಡಿಯಲಿಲ್ಲ, ಕೆನೆ ಕಟ್ಟಿತು.

ಅವತ್ತೇ ಅವನನ್ನು ಒಬ್ಬನೇ ಬಿಡಬೇಡಿ ಅಂತ ಅಮ್ಮನಿಗೆ ಹೇಳಿದೆವು. ಕ್ಲಾಸ್‌ಮೇಟ್ ಹುಡುಗ ಅಲ್ಲೇ ಉಳಿದ. ಎರಡು ದಿನ ಬಿಟ್ಟು ಕೋಲಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಚಿಕಿತ್ಸೆಯ ವಿಷಯ ಅವನದು, ಇಲ್ಲಿ ಬರೆಯುವುದಿಲ್ಲ.

ಬೋರ್ಡಿನ ಮೇಲೆ ಮೂರು ಸಾಲು

ಮುಂದಿನ ಶನಿವಾರ, ಮತದಾನದ ಮಾರನೇ ದಿನ, ಕೂಟದಲ್ಲಿ ಹತ್ತೊಂಬತ್ತು ಜನ. ಅವನ ಅನುಮತಿ ಪಡೆದು ಹೇಳಬಹುದಾದಷ್ಟು ಹೇಳಿದೆ. ಅಳು, ಪಶ್ಚಾತ್ತಾಪ, ಉಪವಾಸ ಪ್ರಾರ್ಥನೆ ಮಾಡೋಣ ಅನ್ನುವ ಮಾತು. ಒಬ್ಬ ಪಾಸ್ಟರ್ ಆಗಲೇ ಫೋನಿನಲ್ಲಿ ನನಗೆ "ಮಕ್ಕಳಲ್ಲಿ ಪ್ರಾರ್ಥನೆ ಕಡಿಮೆ ಆಗಿದೆ ಸರ್, ಅದಕ್ಕೇ" ಅಂದಿದ್ದರು. ನನಗೂ ಹಾಗೇ ಅನ್ನಿಸಿತ್ತು ಅನ್ನಿ.

ಮುಳಬಾಗಿಲು ಕಡೆಯ ಕಥೋಲಿಕ ಹುಡುಗಿಯೊಬ್ಬಳು, ಬಿಎಸ್ಸಿ ಎರಡನೇ ವರ್ಷ, ಅಷ್ಟು ದಿನ ಬಾಯಿ ಬಿಟ್ಟವಳಲ್ಲ, ಎದ್ದು ಚಾಕ್‌ಪೀಸ್ ತಗೊಂಡು ಬೋರ್ಡಿನ ಮೇಲೆ ಮೂರು ಸಾಲು ಮಾಡಿದಳು. ನೋಡು, ತೂಗು, ಮಾಡು. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಕಾರ್ಖಾನೆ ಕೆಲಸದ ಹುಡುಗ ಹುಡುಗಿಯರ ಜೊತೆ ಬೆಳೆಸಿದ ಕ್ರಮ ಇದು. 1961ರಲ್ಲಿ ಪೋಪ್ 23ನೇ ಜಾನ್ ಇಡೀ ಕಥೋಲಿಕ ಸಭೆಗೆ ಬರೆದ ತಮ್ಮ ವಿಶ್ವಪತ್ರದಲ್ಲೇ ಇದನ್ನು ಎತ್ತಿಹಿಡಿದಿದ್ದಾರೆ. ಅವಳಿಗೆ ಆ ಚರಿತ್ರೆ ಬೇಕಿರಲಿಲ್ಲ, ತನ್ನ ಧರ್ಮಕೇಂದ್ರದ ಕಥೋಲಿಕ ವಿದ್ಯಾರ್ಥಿ ಸಂಘವಾದ ವೈಸಿಎಸ್‌ನಲ್ಲಿ ಕಲಿತಿದ್ದಳು, ಅಷ್ಟೇ. "ಮೊದಲ್ನೇ ಸಾಲು ತುಂಬೋ ತನಕ ಯಾರೂ 'ಅನ್ಸುತ್ತೆ' ಅನ್ನಬಾರ್ದು. ಕಂಡಿದ್ದು ಮಾತ್ರ ಹೇಳಿ" ಅಂದಳು.

ಹಾಜರಿ ಪುಸ್ತಕ ತಂದರು. ಅದರಲ್ಲಿ ಪ್ರತಿ ವಾರ ಯಾರು ಏನು ಮಾಡಿದರು ಅಂತ ಬರೆಯುವ ರೂಢಿ ಇತ್ತು. 2023ರ ಜೂನ್‌ನಿಂದ ಕೂಟ ನಡೆದ ಶನಿವಾರ 31. ಮುಕ್ತಾಯದ ಪ್ರಾರ್ಥನೆ 29 ಸಲ ಅವನದೇ.

ಆಮೇಲೆ ಅವಳು ಗಡಿಯಾರ ಹಿಡಿದಳು. ಐದೂವರೆಗೆ ಶುರು. ಹಾಡು ನಲವತ್ತು ನಿಮಿಷ, ಕೆಲವು ವಾರ ಐವತ್ತು. ವಾಕ್ಯ, ಅಂದರೆ ಬೈಬಲ್ ಪಾಠ, ಅರ್ಧ ಗಂಟೆ. ಪ್ರಾರ್ಥನಾ ವಿಷಯ ಶುರುವಾಗುವ ಹೊತ್ತಿಗೆ ಆರೂ ಮುಕ್ಕಾಲು. ಹುಡುಗಿಯರ ಹಾಸ್ಟೆಲ್ ಗೇಟ್ ಮುಚ್ಚುವುದು ಏಳಕ್ಕೆ. ಆರೂ ನಲವತ್ತಕ್ಕೆ ಹಾಸ್ಟೆಲ್ ಹುಡುಗಿಯರು ಎದ್ದು ಚಪ್ಪಲಿ ಹುಡುಕುತ್ತಾರೆ. ಶ್ರೀನಿವಾಸಪುರ ಕಡೆಗೆ ಹೋಗುವ ಇಬ್ಬರು ಹುಡುಗರು ಬಸ್ಸಿಗೆ ಓಡುತ್ತಾರೆ. ಕೊನೆಗೆ ಉಳಿಯುವವರು ಊರಿನಲ್ಲೇ ಮನೆ ಇರುವ ಎಂಟು ಹತ್ತು ಮಕ್ಕಳು. ಮನೆಯಲ್ಲಿ ಅಪ್ಪ ಅಮ್ಮ ಇರುವವರು.

ಅಷ್ಟು ಹೇಳಿ ಅವಳು ಹಾಸ್ಟೆಲ್ ಹುಡುಗಿಯರ ಕಡೆ ತಿರುಗಿ, "ನಿಮ್ಮ ವಿಷಯ ನೀವು ಯಾರ ಹತ್ರ ಹೇಳ್ತಿದ್ರಿ?" ಅಂತ ಕೇಳಿದಳು.

"ರಾತ್ರಿ ಅಣ್ಣಂಗೆ ಫೋನ್ ಮಾಡ್ತಿದ್ವಿ."

ಕೋಣೆ ಗಪ್‌ಚಿಪ್ ಆಯಿತು. ನಾಲ್ಕೂವರೆಗೆ ಶುರುವಾಗುತ್ತಿದ್ದ ಕಾಲದಲ್ಲಿ ಹಾಸ್ಟೆಲ್‌ನವರೂ ಸುತ್ತಿನಲ್ಲಿ ಕೂತು ತಮ್ಮ ಕಷ್ಟ ಹೇಳಿಕೊಂಡು, ಪಕ್ಕದವರಿಂದ ಪ್ರಾರ್ಥನೆ ಮಾಡಿಸಿಕೊಂಡು ಹೋಗುತ್ತಿದ್ದರು. ಐದೂವರೆಯಾದ ಮೇಲೆ ಆ ಭಾರವೆಲ್ಲ ರಾತ್ರಿ ಒಬ್ಬನ ಫೋನಿಗೆ ಹೋಯಿತು. ಇಪ್ಪತ್ತು ಜನ ಹಂಚಿಕೊಳ್ಳುತ್ತಿದ್ದದ್ದು ಒಬ್ಬನ ತಲೆ ಮೇಲೆ. ಪ್ರೀತಿ ಕಡಿಮೆ ಆಗಿದೆ, ಪ್ರಾರ್ಥನೆ ಕಡಿಮೆ ಆಗಿದೆ ಅಂತ ನಾವೆಲ್ಲ ಗೊಣಗುತ್ತಿದ್ದೆವಲ್ಲ, ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ಪ್ರೀತಿಗೆ ಇಟ್ಟಿದ್ದ ಹೊತ್ತು ಹಾಸ್ಟೆಲ್ ಗೇಟ್ ಮುಚ್ಚಿದ ಮೇಲೆ ಬರುತ್ತಿತ್ತು.

'ತೂಗು' ಅನ್ನುವ ಎರಡನೇ ಸಾಲಿಗೆ ಯಾರೋ ಬೈಬಲ್ಲಿನ ವಿಮೋಚನಕಾಂಡದ 18ನೇ ಅಧ್ಯಾಯ ತಂದರು. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ಕೇಳುವ ಮೋಶೆಗೆ ಮಾವ ಇತ್ರೋ ಬಂದು ಇದು ಸರಿಯಲ್ಲ, ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಅನ್ನುವ ಭಾಗ. ಅದು ಎಲ್ಲ ಲೀಡರ್‌ಶಿಪ್ ಶಿಬಿರದಲ್ಲೂ ಹೇಳುವುದೇ. ನನಗೆ ಹಿಡಿಸಿದ್ದು ಮಾಲೂರಿನ ಡಿಪ್ಲೊಮಾ ಹುಡುಗ ಓದಿದ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ. ಯೆರೂಸಲೇಮಿನ ಮೊದಲ ಕ್ರೈಸ್ತರಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರಿಗೆ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಅದಕ್ಕೆ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ, ಏಳೂ ಗ್ರೀಕ್ ಹೆಸರು. "ಯಾರಿಗೆ ಸಿಕ್ಕಿಲ್ವೋ ಅವರ ಕಡೆಯವರ ಕೈಗೇ ಸೌಟು ಕೊಟ್ಟವ್ರೆ ಸರ್" ಅಂದ. ನಲವತ್ತು ವರ್ಷದಿಂದ ಆ ಅಧ್ಯಾಯ ಓದಿದ್ದೇನೆ, ಆ ಹೆಸರುಗಳ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

ನನ್ನ ಪಾಲು

2022ರಲ್ಲಿ ಅವನನ್ನು ಲೀಡರ್ ಮಾಡಿದ್ದು ನಾನು. ಚುನಾವಣೆ ಅಂತ ಹೆಸರಿಗೆ ಮಾಡಿದೆವು, ಆದರೆ ಎಲ್ಲರೂ ನೋಡಿದ್ದು ನನ್ನ ಮುಖ. ಯಾಕೆ ಅವನು? ದನಿ ಚೆನ್ನಾಗಿತ್ತು, ಮೂರು ಭಾಷೆ ಬರುತ್ತಿತ್ತು, ಎದ್ದು ನಿಂತು ಪ್ರಾರ್ಥನೆ ಮಾಡಿದರೆ ಕಣ್ಣು ಒದ್ದೆಯಾಗುತ್ತಿತ್ತು. ನಮ್ಮ ಸಭೆಗಳಲ್ಲಿ ಚೆನ್ನಾಗಿ ಪ್ರಾರ್ಥಿಸುವವನ ಕೈಗೆ ಬೀಗದ ಕೈ ಕೊಟ್ಟುಬಿಡುತ್ತೇವೆ. ಲೆಕ್ಕ ಬರುತ್ತದಾ, ಬೇಡ ಅನ್ನಲು ಬರುತ್ತದಾ ಯಾರೂ ನೋಡುವುದಿಲ್ಲ. ಟೀ ಬಿಸ್ಕತ್ತಿಗೆ, ಜೆರಾಕ್ಸಿಗೆ ಅವನು ಕೈಯಿಂದ ಹಾಕುತ್ತಿದ್ದ. ಕಾಮರ್ಸ್ ಮೇಷ್ಟ್ರಾಗಿ ನಾನು ಒಂದು ದಿನವೂ ಲೆಕ್ಕ ಕೇಳಲಿಲ್ಲ. ಕೇಳಿದರೆ ಅನುಮಾನ ಪಟ್ಟಂತೆ ಆಗುತ್ತೆ ಅಂದುಕೊಂಡೆ.

ತಿಂಗಳಿಗೊಮ್ಮೆ ಅವನನ್ನು ಕೂರಿಸಿಕೊಂಡು "ಕೂಟ ಹೇಗಿದೆ?" ಅಂತ ಕೇಳುತ್ತಿದ್ದೆ. "ಮನೆ ಹೇಗಿದೆ?" ಅಂತ ಕೇಳಿದ ನೆನಪಿಲ್ಲ.

ಬದಲಾದದ್ದು, ಬದಲಾಗದ್ದು

ಮೊದಲು ಮಾಡಿದ್ದು ಸಣ್ಣ ಕೆಲಸ. ಪ್ರಾರ್ಥನಾ ವಿಷಯವನ್ನು ಮೊದಲಿಗೆ ತಂದೆವು, ಹಾಡನ್ನು ಕೊನೆಗೆ ಹಾಕಿದೆವು. ಪೆಂತೆಕೋಸ್ತ್ ಮಕ್ಕಳು ಒಪ್ಪಲಿಲ್ಲ. ಸ್ತುತಿ ಆರಾಧನೆ ಇಲ್ಲದೆ ಕೂಟ ಶುರು ಮಾಡುವುದು ಕೈ ತೊಳೆಯದೆ ಊಟಕ್ಕೆ ಕೂತ ಹಾಗೆ ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ಮೊದಲು ಒಂದೇ ಒಂದು ಹಾಡು, ಆಮೇಲೆ ಸುತ್ತು, ಆಮೇಲೆ ವಾಕ್ಯ. ಉಳಿದವರು ಇಷ್ಟವಿದ್ದಷ್ಟು ಹೊತ್ತು ಹಾಡಲಿ ಅಂತ ರಾಜಿಯಾಯಿತು. ಆ ಸಭೆಯ ಇಬ್ಬರು ಹುಡುಗಿಯರು ಮಾತ್ರ ಆಮೇಲೆ ಬರಲಿಲ್ಲ. ಬೋರ್ಡಿನ ಮೇಲೆ ಬರೆಯುವುದು, ಕಾರಣ ಹುಡುಕುವುದು ಲೋಕದ ರೀತಿ ಅಂತ ಅವರ ಪಾಸ್ಟರ್ ಹೇಳಿದರಂತೆ. ಹೋಗಿ ಮಾತಾಡಿದೆ. ಕಾಫಿ ಕೊಟ್ಟರು, ಮನಸ್ಸು ಬದಲಿಸಲಿಲ್ಲ.

ಲೀಡರ್ ಒಬ್ಬರು ಇರುವ ಬದಲು ಮೂವರು ಮಾಡಿದೆವು, ಒಂದು ವರ್ಷಕ್ಕೆ ಮಾತ್ರ. ಕೊನೇ ವರ್ಷದವರಿಗೆ ಹೊಣೆ ಕೊಡುವ ಹಾಗಿಲ್ಲ. ಮೂವರಲ್ಲಿ ಒಬ್ಬರಾದರೂ ಹಾಸ್ಟೆಲ್‌ನವರು ಇರಬೇಕು ಅನ್ನುವುದು ಸೌಟಿನ ಮಾತಿನಿಂದ ಬಂದದ್ದು. ಮುಕ್ತಾಯದ ಪ್ರಾರ್ಥನೆ ಅಕ್ಷರದ ಪ್ರಕಾರ ಸರದಿ. ಮೊದಲ ತಿಂಗಳು ಕೆಲವರು ಕಾಗದದಲ್ಲಿ ಬರೆದುಕೊಂಡು ಬಂದು ನಡುಗುತ್ತಾ ಓದಿದರು. ಒಬ್ಬಳು ಮಲಯಾಳದಲ್ಲಿ ಮಾಡಿದಳು. ಹೆಚ್ಚಿನವರಿಗೆ ಅರ್ಥವಾಗಲಿಲ್ಲ, ಎಲ್ಲರೂ ಆಮೆನ್ ಅಂದರು.

ದುಡ್ಡಿಗೆ ಒಂದು ಡಬ್ಬಿ, ಒಂದು ಪುಸ್ತಕ. 200 ರೂಪಾಯಿ ಮೀರಿದ ಸಹಾಯ ಮೂವರೂ ಸೇರಿ ತೀರ್ಮಾನಿಸಬೇಕು, ನನಗೆ ತಿಳಿಸಬೇಕು. ರಾತ್ರಿ ಹತ್ತರ ಮೇಲೆ ಬರುವ ಕರೆಗೆ ಏನು ಮಾಡುವುದು ಅನ್ನುವುದರ ಮೇಲೆ ದೊಡ್ಡ ಚರ್ಚೆ ಆಯಿತು. ಎತ್ತಬೇಡಿ ಅನ್ನಲು ಯಾರಿಗೂ ಮನಸ್ಸಿಲ್ಲ. ಎತ್ತಿ, ಆದರೆ ಬೆಳಗಾಗುವುದರೊಳಗೆ ಇನ್ನೊಬ್ಬರಿಗೆ ತಿಳಿಸಿ, ಜೀವದ ಮಾತು ಬಂದರೆ ಆಗಿಂದಾಗಲೇ 14416, ನನ್ನ ಬಾಗಿಲು, ಅಥವಾ ಆಸ್ಪತ್ರೆ. ಅಲ್ಲಿಗೆ ನಿಂತೆವು.

ಇಬ್ಬಿಬ್ಬರನ್ನು ಜೋಡಿ ಮಾಡಿ ವಾರಕ್ಕೊಮ್ಮೆ ವಿಚಾರಿಸಿಕೊಳ್ಳಬೇಕು ಅಂತ ನಾನೊಂದು ಯೋಜನೆ ಹಾಕಿದ್ದೆ. ಚೀಟಿ ಎತ್ತಿ ಜೋಡಿ ಮಾಡಿದ್ದು. ಎರಡು ವಾರದಲ್ಲಿ ಮಗುಚಿಕೊಂಡಿತು. "ಚೀಟಿಯಲ್ಲಿ ಬಂದವಳ ಹತ್ರ ನನ್ನ ಮನೆ ವಿಷಯ ಯಾಕೆ ಹೇಳಲಿ ಸರ್?" ಅಂತ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಅದರ ಬದಲು ಮನೆ ನೋಡುವುದು ಶುರುವಾಯಿತು. ತಿಂಗಳಿಗೊಂದು ಭಾನುವಾರ, ಒಬ್ಬರ ಊರಿಗೆ ನಾಲ್ಕೈದು ಜನ ಹೋಗಿ ಊಟ ಮಾಡಿ ಬರುವುದು. ಜೂನ್‌ನಲ್ಲಿ ಶ್ರೀನಿವಾಸಪುರದ ಹತ್ತಿರದ ಹಳ್ಳಿಗೆ ಹೋದವರು ಮಾವಿನ ಹಣ್ಣಿನ ಮೂಟೆ ಹೊತ್ತು ಬಂದರು. ಯುಇಎಸ್‌ಐನವರನ್ನೂ ಎಸ್‌ಸಿಎಂನವರನ್ನೂ ಒಂದೊಂದು ಶನಿವಾರ ಕರೆಸಿ ಮಾತಾಡಿಸಿದೆವು. ಯಾವುದಕ್ಕೆ ಸೇರುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅದು ಮಕ್ಕಳ ತೀರ್ಮಾನ, ಈ ಸಲ ನನ್ನ ಮುಖ ನೋಡಬೇಡಿ ಅಂದಿದ್ದೇನೆ.

ಹುಡುಗ ಹೋದ ಸಬ್ಜೆಕ್ಟ್‌ಗಳನ್ನು ಆಮೇಲೆ ಕಟ್ಟಿ ಪಾಸ್ ಮಾಡಿಕೊಂಡ. ಈಗ ಅಪ್ಪನ ಜೊತೆ ಅದೇ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಒಂದು ಅಕೌಂಟ್ಸ್ ಕೆಲಸಕ್ಕೆ ಹೋಗುತ್ತಾನೆ. ಶನಿವಾರ ರಜೆ ಸಿಕ್ಕಾಗ ಬರುತ್ತಾನೆ, ಬಾಗಿಲ ಹತ್ತಿರ ಕೂರುತ್ತಾನೆ. 1,800 ರೂಪಾಯಿ ಅವಳು ಮೂರು ಕಂತಿನಲ್ಲಿ ಡಬ್ಬಿಯ ಮೂಲಕ ವಾಪಸ್ ಕೊಟ್ಟಳು, ಅವನು ಎಣಿಸಿ ತಗೊಂಡು ಪುಸ್ತಕದಲ್ಲಿ ಸಹಿ ಹಾಕಿದ. ಹಾಡಿನ ನೋಟ್‌ಬುಕ್ ಇನ್ನೂ ಅವನ ಮನೆಯಲ್ಲೇ ಇದೆ. ಕೇಳಲು ಯಾರಿಗೂ ಮನಸ್ಸಾಗದೆ ಮಕ್ಕಳು ಹೊಸದೊಂದು ಬರೆಯುತ್ತಿದ್ದಾರೆ, 'ಳ' ಕೆಳಗಿನ ಚುಕ್ಕಿ ಮಾತ್ರ ಮರೆಯುತ್ತಾರೆ.

ಈಗಿನ ಮೂವರಲ್ಲಿ ಇಬ್ಬರು ನರ್ಸಿಂಗ್‌ನವರು. ಮುಂದಿನ ತಿಂಗಳು ಇಬ್ಬರಿಗೂ ಒಟ್ಟಿಗೇ ಬೆಂಗಳೂರಿಗೆ ಪೋಸ್ಟಿಂಗ್ ಬಿದ್ದಿದೆ, ನಾಲ್ಕು ಶನಿವಾರ ಇರುವುದಿಲ್ಲ. ಉಳಿದವನೊಬ್ಬ ಪಿಯುಸಿ ಮುಗಿಸಿ ಆಗತಾನೆ ಡಿಗ್ರಿಗೆ ಸೇರಿದವನು, "ನಾನೊಬ್ನೇ ಮ್ಯಾನೇಜ್ ಮಾಡ್ತೀನಿ ಸರ್, ಯೋಚನೆ ಮಾಡಬೇಡಿ" ಅಂತ ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾನೆ. ಬೆಳಿಗ್ಗೆ ಮುಳಬಾಗಿಲು ಹುಡುಗಿಗೆ ಫೋನ್ ಮಾಡಿ, ಶನಿವಾರ ಬರುವಾಗ ಚಾಕ್‌ಪೀಸ್ ತಗೊಂಡು ಬಾರಮ್ಮ ಅಂದಿದ್ದೇನೆ.